ಏಳು ಬೆರಳಿನಷ್ಟು ಖಾಲಿ

ಮೂವತ್ತು ವರ್ಷ ಸರ್ಕಾರಿ ಕುರ್ಚಿ ಸವೆಸಿ ನಾನು ಕಲಿತ ವಿದ್ಯೆ ಎರಡೇ. ಬೇರೆಯವರು ಬರೆದದ್ದನ್ನು ತಿದ್ದುವುದು ಒಂದು. ತಿದ್ದಿ ಫೇರ್ ಕಾಪಿ ಮಾಡಿದ ಮೇಲೆ ಡ್ರಾಫ್ಟನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕುವುದು ಇನ್ನೊಂದು. ಎರಡರಲ್ಲೂ ಕೊಚ್ಚಿಯ ನಮ್ಮ ಕಚೇರಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಈ ಎರಡೂ ವಿದ್ಯೆಯನ್ನು ಒಟ್ಟಿಗೆ ಉಪಯೋಗಿಸಿ ನಾನು ಒಬ್ಬ ಮನುಷ್ಯನ ಹದಿನಾಲ್ಕು ವರ್ಷದ ಕವಿತೆಗಳನ್ನು ಮಣ್ಣುಪಾಲು ಮಾಡಿದೆ. ಆ ಮನುಷ್ಯ ತೀರಿಕೊಂಡು ಈಗ ಹತ್ತು ತಿಂಗಳಾಯಿತು. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ, ಗೊತ್ತು. ಆದರೆ ಅವರನ್ನು ಹತ್ತಿರದಿಂದ ಬಲ್ಲವರಲ್ಲಿ ಕನ್ನಡ ಬರೆಯಬಲ್ಲವನು ನಾನೊಬ್ಬನೇ ಉಳಿದಿದ್ದೇನೆ.

ಅವರು ಗದಗದ ಕಡೆಯವರು, ನಾನು ಮಂಡ್ಯದವನು. ಊರಲ್ಲಿದ್ದಿದ್ದರೆ ಅವರ ಮಾತಿಗೆ ನಾನು, ನನ್ನ ಮಾತಿಗೆ ಅವರು ನಕ್ಕುಕೊಂಡು ದೂರ ಇರುತ್ತಿದ್ದೆವೇನೋ. ಕೊಚ್ಚಿಯಲ್ಲಿ ಹಾಗೆ ಆರಿಸಿಕೊಳ್ಳುವ ಸುಖ ಎಲ್ಲಿ? ಇಡೀ ಮಹಡಿಯಲ್ಲಿ ಕನ್ನಡ ಬರುವವರು ನಾವಿಬ್ಬರೇ. ಬಡಕಲು ಮೈ, ಉದ್ದನೆಯ ಕೈ, ವಾಚನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿಲ್ಲ, ಒಂದು ಮೋಟು ಪೆನ್ಸಿಲ್. ರಿಜಿಸ್ಟರಿಗೆ ಸಹಿ ಹಾಕಬೇಕಾದರೆ ನನ್ನ ಪೆನ್ನನ್ನೇ ಕೇಳುತ್ತಿದ್ದರು. "ಏನ್ ಸಾರ್, ಸರ್ಕಾರಿ ನೌಕರರು ಪೆನ್ನಿಲ್ದೆ ಬರ್ತೀರಲ್ಲ" ಎಂದರೆ, "ಗಾಡ್ಯಾಗ ಪೆನ್ನು ಕುಣೀತೈತ್ರಿ, ಪೆನ್ಸಿಲ್ ಕುಣಿಯಂಗಿಲ್ಲ" ಅನ್ನುತ್ತಿದ್ದರು. ಕಚೇರಿ ಏನು ಗಾಡಿಯೇ ಎಂದು ನಾನು ಮತ್ತೆ ರೇಗುತ್ತಿದ್ದೆ.

ಅವರ ಹೆಂಡತಿ ಮಲಯಾಳಿ, ತಿರುವನಂತಪುರದಲ್ಲಿ ಶಾಲಾ ಶಿಕ್ಷಕಿ. ಒಬ್ಬಳೇ ಮಗಳು. ಇವರಿಗೆ ಅಲ್ಲಿಗೆ ವರ್ಗ ಸಿಗಲೇ ಇಲ್ಲ. ವಾರವಿಡೀ ವೈಪಿನ್ ಕಡೆಯ ಒಂದು ಬಾಡಿಗೆ ಕೋಣೆ, ಶುಕ್ರವಾರ ಸಂಜೆ ಎರ್ನಾಕುಳಂ ಸೌತ್‌ನಿಂದ ಆಲಪ್ಪುಳದ ಮೇಲೆ ಹೋಗುವ ಗಾಡಿ, ಸೋಮವಾರ ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸ್. ಹದಿನಾಲ್ಕು ವರ್ಷ ಹೀಗೇ. ಆ ಗಾಡಿಯಲ್ಲಿ ಅವರು ಕವಿತೆ ಬರೆಯುತ್ತಿದ್ದರು. ಮನೆಯಲ್ಲಿ ಅಲ್ಲ, ಕಚೇರಿಯಲ್ಲೂ ಅಲ್ಲ.

ಮೊದಲ ಸಲ ಇದನ್ನು ಕೇಳಿದಾಗ ಕವಿಗಳಿಗಿರುವ ಸಣ್ಣಪುಟ್ಟ ತೆವಲು ಇರಬೇಕು ಎಂದುಕೊಂಡೆ. ಹಾಗಲ್ಲ, ಅವರಿಗೆ ಕಟ್ಟಳೆಯಿತ್ತು. ಗಾಡಿ ಚಲಿಸುತ್ತಿರುವಾಗ ಮಾತ್ರ ಬರೆಯಬೇಕು. ಕಿಟಕಿಯಲ್ಲಿ ಕಂಡದ್ದು, ಬೋಗಿಯಲ್ಲಿ ಕೇಳಿದ್ದು, ಅಷ್ಟೇ. ಗಾಡಿ ನಿಂತರೆ ಪೆನ್ಸಿಲ್ ಎತ್ತಬೇಕು. ಆ ದಾರಿಯಲ್ಲಿ ಬಹಳ ಕಡೆ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಕುಂಬಳಂನಲ್ಲೋ ತುರವೂರಿನಲ್ಲೋ ಎಲ್ಲೂ ಅಲ್ಲದ ಒಂದು ಜಾಗದಲ್ಲೋ ನಿಲ್ಲಿಸಿಬಿಡುತ್ತಾರೆ. ಕ್ರಾಸಿಂಗ್ ಅನ್ನುತ್ತಾರೆ. ಹಾಗೆ ನಿಂತಾಗ ಅವರು ವಾಚು ನೋಡಿ, ಹಾಳೆಯ ಮೇಲೆ ಬೆರಳು ಅಡ್ಡ ಇಡುತ್ತಾ ಹೋಗುತ್ತಿದ್ದರು. ನಿಮಿಷಕ್ಕೆ ಒಂದು ಬೆರಳು. ಗಾಡಿ ಹೊರಟ ಮೇಲೆ ಅಷ್ಟು ಬೆರಳಿನ ಜಾಗ ಖಾಲಿ ಬಿಟ್ಟು ಅದರ ಕೆಳಗೆ ಮುಂದಿನ ಸಾಲು.

ಒಮ್ಮೆ ಕಚೇರಿ ಕೆಲಸದ ಮೇಲೆ ಅವರ ಜೊತೆ ಅದೇ ಗಾಡಿಯಲ್ಲಿ ಹೋಗಿದ್ದೆ. ಸೀಸನ್ ಟಿಕೆಟ್ಟಿನವರ ಬೋಗಿ, ಇಸ್ಪೀಟು ನಡೆದಿತ್ತು. ತುರವೂರಿನಲ್ಲಿ ಗಾಡಿ ನಿಂತಿತು, ನಿಂತೇ ಇತ್ತು. ಇಸ್ಪೀಟಿನವನೊಬ್ಬ ಎಲೆ ಹಾಕುತ್ತಲೇ, "ಸಾರೇ, ಇನ್ನ್ ಎತ್ರ ವಿರಲಾಯಿ?" ಎಂದ. ಇವತ್ತು ಎಷ್ಟು ಬೆರಳಾಯಿತು ಎಂದು. ಇವರು ಐದು ಎಂದು ಕೈ ತೋರಿಸಿದರು. ಆ ಬೋಗಿಯ ಜನ ಗಾಡಿ ತಡವಾದದ್ದನ್ನು ಬೆರಳಿನಲ್ಲೇ ಲೆಕ್ಕ ಹಾಕುತ್ತಿದ್ದರು, ಮನೆಗೆ ಫೋನ್ ಮಾಡಿ ಹೇಳುವಾಗಲೂ. ಕನ್ನಡದ ಒಂದಕ್ಷರ ಬಾರದ ಆ ಮೀನು ವ್ಯಾಪಾರಿ, ಗುಮಾಸ್ತೆ, ನರ್ಸುಗಳಿಗೆ ಇವರ ಕವಿತೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಆಗ ನಾನು ಹೇಳಿದ್ದು ಇಷ್ಟು: "ಏನ್ ಸಾರ್ ಇದು, ಅರ್ಧ ಪುಟ ಖಾಲಿ ಬಿಡ್ತೀರಲ್ಲ. ಪೇಪರ್ ದಂಡ. ನಿಂತಾಗ್ಲೇ ಅಲ್ವಾ ಆರಾಮಾಗಿ ಬರೆಯೋಕಾಗೋದು?"

"ಗಾಡಿ ನಿಂತಾಗ ನಾ ಒಬ್ಬಾಂವ ಹೆಂಗ ಓಡ್ಲಿ? ಬರದ್ರ ಸುಳ್ಳಾಕ್ಕೈತ್ರಿ."

"ಓದೋನಿಗೆ ಏನು ಗೊತ್ತಾಗುತ್ತೆ?"

"ಓದಾಂವಾನೂ ಕುಂದ್ರಬೇಕ್ರಿ ಅಷ್ಟೊತ್ತು. ನಾ ಕುಂತಿಲ್ಲೇನು?"

ನಾನು ಚಹಾ ತರಿಸಿದೆ.

ಅವರಿಗೆ ಇನ್ನೂ ಎಷ್ಟೋ ಹುಚ್ಚುಗಳಿದ್ದವು. ಕೋಣೆಯಿಂದ ಕಚೇರಿಗೆ ಬರುವ ಬಸ್ಸು ವಲ್ಲಾರ್ಪಾಡಂ ಮೇಲೆ ಬರುತ್ತದೆ. ಅಲ್ಲಿ ರಸ್ತೆಯುದ್ದಕ್ಕೂ ಕಂಟೇನರ್ ಲಾರಿಗಳು ಸಾಲಾಗಿ ನಿಂತಿರುತ್ತವೆ. ಬಸ್ಸು ಓಡುವಾಗ ಒಂದೊಂದು ಲಾರಿಯ ಮೇಲೆ ಬರೆದದ್ದರಿಂದ ಒಂದೇ ಮಾತು ಹೆಕ್ಕಬೇಕು, ಎರಡನೆಯದಕ್ಕೆ ಆಸೆ ಪಡಬಾರದು. ಡ್ರೈವರ್ ಜೋರಾಗಿ ಓಡಿಸಿದ ದಿನ ಕವಿತೆ ಗಿಡ್ಡ, ಟ್ರಾಫಿಕ್ಕಿದ್ದ ದಿನ ಉದ್ದ. ಒಂದನ್ನು ನನಗೆ ತೋರಿಸಿದರು: ಹಿಂದೆ, ಸರಿ, ತಮಿಳುನಾಡು, ಅಮ್ಮ, ಬೆಂಕಿ ತಾಗಬಾರದು, ಅಮ್ಮ, ಅಮ್ಮ. "ಇದೇನ್ ಸಾರ್, ಪದ್ಯವೋ ಲಗೇಜ್ ಪಟ್ಟಿಯೋ?" ಎಂದೆ. ಅವರಿಗೆ ಕೋಪ ಬರಲಿಲ್ಲ. "ಮೂರು ಲಾರಿ ಮ್ಯಾಲ ಅಮ್ಮ ಅಂತ ಬರದಿತ್ರಿ, ನಾ ಏನ್ ಮಾಡ್ಲಿ" ಎಂದು ಹಾಳೆಯನ್ನು ಮಡಿಸಿ ಇಟ್ಟುಕೊಂಡರು.

ಮೆಟ್ರೋ ಬಂದಾಗ ಒಂದು ರಜೆಯ ದಿನ ಆಲುವದಿಂದ ಕೊನೆಯವರೆಗೂ ಹೋಗಿ ಬಂದೆವು. ತಣ್ಣಗೆ ಕೂತಿದ್ದೆವು, ಪ್ರತಿ ಸ್ಟೇಷನ್ನಿನಲ್ಲೂ ಅಷ್ಟೇ ಸೆಕೆಂಡು. ಅವರು ಪೆನ್ಸಿಲ್ ತೆಗೆಯಲೇ ಇಲ್ಲ. ಇಳಿದ ಮೇಲೆ ಹೇಳಿದರು, "ಇದ್ರಾಗ ಹುಟ್ಟಂಗಿಲ್ಲ ಬಿಡ್ರಿ. ಇದಕ್ಕ ತಡಾ ಆಗೂದು ಅಂದ್ರ ಏನಂತ ಗೊತ್ತಿಲ್ಲ."

ಕಚೇರಿಯ ಇಂಗ್ಲಿಷ್ ಪತ್ರಗಳನ್ನೂ ಅವರು ಹೀಗೇ ಬರೆಯುತ್ತಿದ್ದರು, ನಾಲ್ಕು ಸಾಲು. ನಾನು ಅದಕ್ಕೆ 'ವಿತ್ ರೆಫರೆನ್ಸ್ ಟು ದಿ ಅಬೋವ್' ಸೇರಿಸಿ, ಹಿಂದಿನ ಪತ್ರಗಳ ಉಲ್ಲೇಖ ಸೇರಿಸಿ, ಒಂದೂವರೆ ಪುಟ ಮಾಡುತ್ತಿದ್ದೆ. ಮೇಲಿನವರು ನನ್ನ ಫೇರ್ ಕಾಪಿಗೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಸಹಿಯಾದ ಕೂಡಲೇ ಡ್ರಾಫ್ಟ್ ಹರಿಯುತ್ತಿದ್ದೆ. ನನಗೆ ಕೆಲಸ ಕಲಿಸಿದ ಹಳೆಯ ಸೂಪರಿಂಟೆಂಡೆಂಟ್ ಒಬ್ಬರಿದ್ದರು, ಅವರ ಮಾತು ವೇದವಾಕ್ಯ: ಒಂದು ಫೈಲಿಗೆ ಎರಡು ಬಾಯಿ ಇರಬಾರದು, ಇದ್ದರೆ ಒಂದಲ್ಲ ಒಂದು ದಿನ ಜಗಳ. ಇವರು ನನ್ನ ಬುಟ್ಟಿಯನ್ನು ನೋಡಿ ನಗುತ್ತಿದ್ದರು, ಅಷ್ಟೇ. ನಗುವ ಬದಲು ಹೆದರಬೇಕಿತ್ತು.

ಕಳಮಶ್ಶೇರಿಯ ಸಂಗತಿಯನ್ನು ಹೇಳದಿದ್ದರೆ ನಾನು ಮಾಡಿದ್ದು ನಿಮಗೆ ತಿಳಿಯುವುದಿಲ್ಲ. ಕೊಚ್ಚಿಯ ಕನ್ನಡ ಸಂಘಕ್ಕೆ ಆಗ ನಾನು ಕಾರ್ಯದರ್ಶಿ. ಐಟಿ ಪಾರ್ಕಿನ ಹುಡುಗ ಹುಡುಗಿಯರು, ಬ್ಯಾಂಕಿನವರು, ನಮ್ಮಂಥ ಕೇಂದ್ರ ಸರ್ಕಾರದವರು, ಎಲ್ಲ ಸೇರಿ ನೂರಿಪ್ಪತ್ತು ಜನ. ರಾಜ್ಯೋತ್ಸವಕ್ಕೆ ಕಳಮಶ್ಶೇರಿಯಲ್ಲಿ ಒಂದು ಹಾಲ್ ಹಿಡಿದಿದ್ದೆವು. ಹಾಡು, ಮಕ್ಕಳ ನೃತ್ಯ, ಬಿಸಿಬೇಳೆಬಾತ್. ನಮ್ಮ ಕವಿಗಳದ್ದೂ ಒಂದು ಪದ್ಯ ಇರಲಿ ಎಂದು ನಾನೇ ಒತ್ತಾಯ ಮಾಡಿ ಹೆಸರು ಹಾಕಿಸಿದೆ. ಅವರು ಮೈಕಿನ ಮುಂದೆ ನಿಂತು ಓದಿದರು:

ಬೇಲಿ ಮೇಲೆ ಶಾಲೆಯ ಅಂಗಿ
ತೋಳಿನ ತುದಿಯಲ್ಲಿ ನೀರು

ಓದಿ, ವಾಚು ನೋಡಿ, ಸುಮ್ಮನೆ ನಿಂತರು.

ಒಂದು ನಿಮಿಷ ಜನ ಕಾದರು. ಎರಡನೆಯ ನಿಮಿಷಕ್ಕೆ ಕುರ್ಚಿಗಳು ಕಿರುಗುಟ್ಟಿದವು. ಮುಂದಿನ ಸಾಲಿನಲ್ಲಿ ಒಬ್ಬರು "ಮರೆತುಹೋಯ್ತೇನೋ ಪಾಪ, ನೀರು ಕೊಡ್ರಪ್ಪ" ಎಂದರು. ಒಂದು ಮಗು ಗಟ್ಟಿಯಾಗಿ "ಅಂಕಿಳ್ ಮರನ್ನು ಪೋಯೋ?" ಎಂದಿತು, ಅಂಕಲ್ ಮರೆತುಬಿಟ್ಟರಾ ಎಂದು. ಮಕ್ಕಳೆಲ್ಲ ಗೊಳ್ಳೆಂದು ನಕ್ಕವು, ಅವರನ್ನು ನೋಡಿ ದೊಡ್ಡವರೂ ನಕ್ಕರು. ಇವರು ಮಾತ್ರ ಅಲುಗಲಿಲ್ಲ, ಎದುರಿನ ಗೋಡೆಯನ್ನು ಕಿಟಕಿಯಿಂದ ನೋಡುವವರ ಹಾಗೆ ನೋಡುತ್ತಿದ್ದರು. ಐದು ನಿಮಿಷವಾಗಿರಬೇಕು, ನನ್ನಿಂದ ತಡೆಯಲಾಗಲಿಲ್ಲ. ಹೋಗಿ ಮೈಕ್ ತೆಗೆದುಕೊಂಡು "ಧನ್ಯವಾದಗಳು ಸಾರ್, ಅದ್ಭುತವಾದ ಕವಿತೆ, ಜೋರಾಗಿ ಚಪ್ಪಾಳೆ" ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಅವರು ಇಳಿದು ಹೊರಗೆ ಹೋದರು.

ಹಿಂದೆಯೇ ಓಡಿದೆ. ಮೆಟ್ಟಿಲ ಮೇಲೆ ನಿಂತಿದ್ದರು, ಕಣ್ಣು ವಾಚಿನ ಮೇಲೆ. "ಇನ್ನ ಎರಡು ನಿಮಿಷ ಇತ್ತಲ್ರಿ" ಎಂದರು. ಬೈಯುವ ದನಿಯಲ್ಲ, ಬಸ್ಸು ತಪ್ಪಿಸಿಕೊಂಡವರು ಹೇಳುವ ಹಾಗೆ. ನಾನು ಏನೋ ಸಮಜಾಯಿಷಿ ಹೇಳಲು ಹೋದೆ. ಕೈಯೆತ್ತಿ ಸುಮ್ಮನಿರಿಸಿದರು. ಇಬ್ಬರೂ ಅಲ್ಲೇ ನಿಂತೆವು. ಒಳಗೆ ಮಕ್ಕಳ ಹಾಡು ಶುರುವಾಗಿತ್ತು. ಎರಡು ನಿಮಿಷ ಮುಗಿದ ಮೇಲೆ ನನ್ನೊಬ್ಬನಿಗೇ ಕೊನೆಯ ಸಾಲು ಹೇಳಿದರು:

ಈಗ ಇಲ್ಲ

ಮಾರಾರಿಕುಳಂ ಹತ್ತಿರ ಗಾಡಿ ಏಳು ನಿಮಿಷ ನಿಂತಿತ್ತಂತೆ. ಕಿಟಕಿಗೆ ಎದುರಾಗಿ ಬೇಲಿ, ಬೇಲಿಯ ಮೇಲೆ ಆಗತಾನೆ ಹಿಂಡಿ ಹಾಕಿದ ಮಗುವಿನ ಅಂಗಿ, ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಡಿ ಹೊರಡುವ ಹೊತ್ತಿಗೆ ತೊಟ್ಟಿಕ್ಕುವುದು ನಿಂತಿತ್ತು. ಅಷ್ಟೇ ಕವಿತೆ. ಆ ಮೆಟ್ಟಿಲ ಮೇಲೆ ನನಗೆ ಅದು ಅರ್ಥವಾಗಿತ್ತು. ಅರ್ಥವಾಗಲಿಲ್ಲ ಅಂತ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಮೈ ಜುಮ್ಮೆಂದಿತ್ತು ಕೂಡ.

ನಿವೃತ್ತಿಗೆ ಒಂದು ವರ್ಷ ಇರುವಾಗ ಅವರ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಓಡಾಟ ನಿಂತಿತು, ಓಡಾಟ ನಿಂತ ಮೇಲೆ ಬರೆಯುವುದೂ ನಿಂತಿತು. ಸ್ವಯಂನಿವೃತ್ತಿ ತೆಗೆದುಕೊಂಡು ಕೋಣೆ ಖಾಲಿ ಮಾಡಿದ ದಿನ ಒಂದು ದಪ್ಪ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟರು. ಕಚೇರಿಯ ಫೈಲಿಗೆ ಕಟ್ಟುವ ಬಿಳಿ ದಾರದಲ್ಲೇ ಕಟ್ಟಿದ್ದರು. ಹದಿನಾಲ್ಕು ವರ್ಷದ ಹಾಳೆಗಳು, ಎಲ್ಲ ಪೆನ್ಸಿಲ್ಲಿನವು, ನಕಲು ಇಲ್ಲ.

"ಮನ್ಯಾಗ ಇದನ್ನ ಓದವ್ರು ಯಾರೂ ಇಲ್ರಿ. ಮಗಳಿಗೆ ಕನ್ನಡ ಕಿವಿಗೆ ತಿಳೀತೈತಿ, ಕಣ್ಣಿಗೆ ತಿಳಿಯಂಗಿಲ್ಲ. ನೀವು ಟೈಪ್ ಮಾಡಿಸಿ ಇಡ್ರಿ. ಮುಂದ ಯಾವಾಗರ ಯಾರರ ಅಕಿಗೆ ಓದಿ ಹೇಳ್ತಾರ."

"ನಾನೇ ಮಾಡ್ತೀನಿ ಸಾರ್. ಪುಸ್ತಕಾನೇ ಮಾಡಿಸೋಣ, ಸಂಘದಿಂದ."

"ಹೆಂಗೈತಿ ಹಂಗ ಮಾಡ್ರಿ. ಏನೂ ಕೂಡಿಸಬ್ಯಾಡ್ರಿ, ಏನೂ ಕಳೀಬ್ಯಾಡ್ರಿ."

ಆಗಲಿ ಎಂದೆ. ಮನಸ್ಸಿನಿಂದಲೇ ಅಂದೆ.

ಇನ್ನು ನಾನು ಮಾಡಿದ್ದು. ಸಂಜೆ ಕಚೇರಿ ಖಾಲಿಯಾದ ಮೇಲೆ ಕಟ್ಟು ಬಿಚ್ಚಿ ಕೂತೆ. ಮೊದಲ ನಾಲ್ಕು ಹಾಳೆ ಇದ್ದ ಹಾಗೆಯೇ ಟೈಪ್ ಮಾಡಿದೆ. ಪರದೆಯ ಮೇಲೆ ನೋಡಿದರೆ ಎರಡು ಸಾಲು, ಮತ್ತೆ ಬಟಾಬಯಲು, ಮತ್ತೊಂದು ಸಾಲು. ಕಳಮಶ್ಶೇರಿಯ ನಗು ಕಿವಿಯಲ್ಲಿ ಕೇಳಿತು. ಇದನ್ನು ಹೀಗೇ ಅಚ್ಚು ಹಾಕಿಸಿದರೆ ಜನ ಮತ್ತೆ ನಗುತ್ತಾರೆ, ಸಾಯುವ ಮನುಷ್ಯನನ್ನು ನೋಡಿ ನಗುತ್ತಾರೆ ಎನ್ನಿಸಿತು. ನನಗೆ ಅವರ ಮೇಲೆ ಪ್ರೀತಿಯಿತ್ತು. ಪ್ರೀತಿಯಿಂದಲೇ ಒಂದು ಖಾಲಿ ಜಾಗ ಕಡಿಮೆ ಮಾಡಿದೆ. ಕಡಿಮೆ ಮಾಡಿದ ಮೇಲೆ ಎರಡು ಸಾಲುಗಳು ಒಂದಕ್ಕೊಂದು ಕೂಡಲಿಲ್ಲ, ನಡುವೆ ಒಂದು ಮಾತು ಸೇರಿಸಿದೆ. ಮಾತು ಸೇರಿದ ಮೇಲೆ ಲಯ ಕೆಟ್ಟಿತು, ಅದನ್ನು ಸರಿ ಮಾಡಿದೆ. ಕೈ ಮೂವತ್ತು ವರ್ಷದ ಅಭ್ಯಾಸದಲ್ಲಿ ತಾನೇ ಓಡಿತು. ಶಾಲೆಯ ಅಂಗಿ ನನ್ನ ಕೈಯಲ್ಲಿ ಹೀಗಾಯಿತು:

ಬೇಲಿಯ ಮೇಲಿನ ಶಾಲೆಯ ಅಂಗಿಯ
ತೋಳಲಿ ತೊಟ್ಟಿಕ್ಕುವ ನೀರು
ನೋಡುತ ಕುಳಿತರೆ ನೆನಪಾಗುವುದು
ಬಿಟ್ಟು ಬಂದ ನನ್ನೂರು

ಬರೆದು ನನಗೇ ಕಣ್ಣು ತುಂಬಿ ಬಂತು, ಥೂ. ಅವರು ಊರಿನ ಬಗ್ಗೆ ಒಂದೇ ಒಂದು ಸಾಲು ಬರೆದವರಲ್ಲ. ಕಿಟಕಿಯ ಆಚೆಗೆ ಇದ್ದದ್ದು ಕೇರಳ, ಕೇರಳವನ್ನೇ ಬರೆದರು. ಊರು ನೆನಪಾಗುತ್ತಿದ್ದದ್ದು ನನಗೆ.

ಒಂದೊಂದು ಹಾಳೆ ಮುಗಿದಂತೆ ಹರಿದು ಬುಟ್ಟಿಗೆ ಹಾಕುತ್ತಾ ಬಂದೆ. ಯಾರೂ ಹರಿ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಫೇರ್ ಆಯಿತು, ಹರಿದೆ, ಅಷ್ಟೇ. ಕಟ್ಟಿನ ನಡುವೆ ಅಲ್ಲಲ್ಲಿ ಪೂರ್ತಿ ಖಾಲಿ ಹಾಳೆಗಳಿದ್ದವು. ಬಹಳ ಹೊತ್ತು ಗಾಡಿ ನಿಂತ ದಿನಗಳವು. ಒಳ್ಳೇ ಹಾಳೆ, ಯಾಕೆ ಹಾಳು ಮಾಡುವುದು ಎಂದು ಅವನ್ನು ಪ್ರಿಂಟರಿಗೆ ಹಾಕಿ ನನ್ನ ಫೇರ್ ಕಾಪಿಯನ್ನು ಅವುಗಳ ಮೇಲೆಯೇ ತೆಗೆದೆ. ಎರಡು ತಿಂಗಳಲ್ಲಿ ಕೆಲಸ ಮುಗಿಯಿತು, ಬಿಳಿ ದಾರ ಮಾತ್ರ ಉಳಿಯಿತು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ಹರಿಯೋಕೆ ಮುಂಚೆ ಅವರನ್ನ ಒಂದ್ ಮಾತು ಕೇಳಬಾರದಿತ್ತಾ?" ಎಂದಳು. "ನಿನಗೆ ಆಫೀಸ್ ಕೆಲಸ ಗೊತ್ತಿಲ್ಲ, ಸುಮ್ನಿರು" ಎಂದೆ.

ಸಂಘದಿಂದ ಪುಸ್ತಕ ಬಂತು. ಅರವತ್ತೆಂಟು ಪುಟ, ಮುಖಪುಟಕ್ಕೆ ಹಿನ್ನೀರು, ದೋಣಿ. ಮೊದಲ ಪ್ರತಿ ಹಿಡಿದು ಅದೇ ಗಾಡಿಯಲ್ಲಿ ತಿರುವನಂತಪುರಕ್ಕೆ ಹೋದೆ. ಪೇಟ್ಟದ ಹತ್ತಿರ ಅವರ ಮನೆ. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು, ಕೈಯೆಲ್ಲ ಸೂಜಿಯ ಗಾಯ, ಊದಿಕೊಂಡಿತ್ತು. ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಖಪುಟದ ಮೇಲೆ ತಮ್ಮ ಹೆಸರು ಓದಿ ನಕ್ಕರು. ಒಳಗೆ ತೆರೆದರು. ಒಂದು ಪುಟ, ಎರಡು ಪುಟ. ಆಮೇಲೆ ಬೆರಳನ್ನು ಅಡ್ಡ ಇಟ್ಟು ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಒತ್ತಿದರು. ಬೆರಳು ಹಿಡಿಸಲಿಲ್ಲ. ಪುಟ ತಿರುಗಿಸಿ ಮತ್ತೆ ಇಟ್ಟು ನೋಡಿದರು. ಹೀಗೆ ಐದಾರು ಪುಟ.

"ಹಾಳಿ ಎಲ್ಲಿ ಅದಾವ್ರಿ?"

"ಫೇರ್ ಆಯ್ತಲ್ಲ ಸಾರ್. ಹರಿದ್ಹಾಕ್ದೆ."

ಅವರು ನನ್ನ ಮುಖವನ್ನೇ ನೋಡಿದರು. ಎಷ್ಟು ಹೊತ್ತು ಅಂತ ನಾನು ವಾಚು ನೋಡಿಕೊಳ್ಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಛಲೋ ಆಗೇತಿ. ಅಕ್ಷರ ದೊಡ್ಡುವು ಅದಾವ" ಎಂದರು. ಒಳಗಿದ್ದ ಹೆಂಡತಿಗೆ ಮಲಯಾಳದಲ್ಲಿ, ಸಾರ್ ಅಷ್ಟು ದೂರದಿಂದ ಬಂದಿದ್ದಾರೆ, ಬಾಳೆಹಣ್ಣಿನ ಪಳಂಪೊರಿ ಕರಿದು ಚಹಾ ಕೊಡು ಎಂದರು. ನಾನು ಎರಡು ಪಳಂಪೊರಿ ತಿಂದೆ. ವಾಪಸ್ ಬರುವಾಗ, ಕಾಯಿಲೆ ಮನುಷ್ಯ, ಸಂತೋಷ ತೋರಿಸುವ ಶಕ್ತಿಯೆಲ್ಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲ್ಕು ತಿಂಗಳಲ್ಲಿ ಅವರು ಹೋದರು. ಅಲ್ಲಿಯವರೆಗೆ ಪುಸ್ತಕದ ಬಗ್ಗೆ ಯಾವ ಫೋನಿನಲ್ಲೂ ಒಂದು ಮಾತು ಆಡಲಿಲ್ಲ, ನನ್ನ ಮಂಡಿನೋವನ್ನು ಮಾತ್ರ ತಪ್ಪದೆ ವಿಚಾರಿಸುತ್ತಿದ್ದರು.

ಕಳೆದ ತಿಂಗಳು ಅವರ ಮಗಳು ನಮ್ಮ ಮನೆಗೆ ಬಂದಳು. ಇಪ್ಪತ್ತಾರು ವರ್ಷ, ಅಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ, ಅಪ್ಪನದೇ ಉದ್ದನೆಯ ಕೈ. ಅಪ್ಪ ಇದ್ದಾಗ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ. ಈಗ ಬಂದು ಕೂತು, ಒಂದೊಂದೇ ಮಾತು ಹುಡುಕಿ, ಅಪ್ಪನ ಕನ್ನಡದಲ್ಲೇ ಮಾತಾಡಿದಳು.

"ಅಂಕಲ್, ನಾ ಅಕ್ಷರ ಕಲತೆ. ಫೋನ್‌ನಾಗ ನೋಡಿ. ಏಳು ತಿಂಗಳಾತು."

ಚೀಲದಿಂದ ಪುಸ್ತಕ ತೆಗೆದು ಬೆರಳಿಟ್ಟು ಓದಿ ತೋರಿಸಿದಳು. ಬೇ-ಲಿ-ಯ. ತೊ-ಟ್ಟಿ-ಕ್ಕು-ವ. ಒತ್ತಕ್ಷರ ಬಂದಲ್ಲಿ ತಡವರಿಸಿದಳು, ಆದರೂ ತಪ್ಪಿಲ್ಲದೆ ಓದಿದಳು. ನನ್ನ ಹೆಂಡತಿ "ಎಷ್ಟು ಚೆನ್ನಾಗಿ ಓದ್ತೀಯಮ್ಮ" ಎಂದು ಅವಳ ತಲೆ ಸವರಿದಳು. ಅವಳು ಪುಸ್ತಕ ಮುಚ್ಚಿದಳು.

"ಇದು ಅಪ್ಪ ಅಲ್ಲ."

ನಾನು ಚಹಾದ ಲೋಟವನ್ನು ಅವಳ ಕಡೆಗೆ ಸರಿಸಿದೆ.

"ಇದನ್ನ ಬರಿಯಾಗ ಗಾಡ್ಯಾಗ ನಾನೂ ಇದ್ದೆ ಅಂಕಲ್, ರಜಾ ಇತ್ತು. ನೀರು ಅಂತ ಬಾಯಾಗ ಅನ್ಕೊಂತ ಬರದು ಸುಮ್ನ ಕುಂತ್ರು. ನನ್ನೂರು ಅಂತ ಇರಲಿಲ್ಲ." ಮುಂದಿನದಕ್ಕೆ ಅವಳಿಗೆ ಕನ್ನಡ ಸಾಲಲಿಲ್ಲ, ಮಲಯಾಳಕ್ಕೆ ಇಳಿದಳು. ಅಪ್ಪನ ಎರಡು ಕೈ ಸೇರಿದರೆ ಎಂಟು ಬೆರಳು. ಹೆಬ್ಬೆರಳು ಲೆಕ್ಕಕ್ಕಿಲ್ಲ. ಗಾಡಿ ಎಂಟು ನಿಮಿಷಕ್ಕಿಂತ ಹೆಚ್ಚು ನಿಂತರೆ ಅಪ್ಪ ಅವಳ ಕೈ ಕೇಳುತ್ತಿದ್ದರಂತೆ. ಅವಳು ಹಾಳೆಯ ಮೇಲೆ ಬೆರಳಿಟ್ಟರೆ ಅದರ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದರಂತೆ. ನಿನ್ನ ಬೆರಳು ಸಣ್ಣ, ನೀನಿದ್ದರೆ ಗಾಡಿ ಬೇಗ ಬಿಡುತ್ತದೆ ಎನ್ನುತ್ತಿದ್ದರಂತೆ.

"ಆ ಹಾಳಿ ಬೇಕು ಅಂಕಲ್. ಎಲ್ಲಾ ಬ್ಯಾಡ. ನನ್ನ ಬೆರಳು ಇರೂವು ಮಾತ್ರ. ಅದಕ್ಕ ಕನ್ನಡ ಕಲತೆ, ಮ್ಯಾಲ ಕೆಳಗ ಅಪ್ಪ ಏನ್ ಬರದಾರ ಓದಾಕ."

ನೋಡಿದ್ದೆ. ಹತ್ತೋ ಹನ್ನೆರಡೋ ಹಾಳೆಗಳಲ್ಲಿ ಸಣ್ಣ ಬೆರಳುಗಳ ಗೆರೆಗಳಿದ್ದವು. ಮಗು ಗೀಚಿರಬೇಕು ಎಂದುಕೊಂಡು ಹರಿದಿದ್ದೆ. ಆ ಹುಡುಗಿಗೆ ಸುಳ್ಳು ಹೇಳಬಹುದಿತ್ತು. ಮಳೆಗೆ ನೆನೆದುಹೋದವು, ಗೆದ್ದಲು ತಿಂದವು, ಕೊಚ್ಚಿಯಲ್ಲಿ ಎರಡನ್ನೂ ಯಾರಾದರೂ ನಂಬುತ್ತಾರೆ. ಹೇಳಲಿಲ್ಲ. ಹರಿದೆ ಎಂದೆ, ನಾನೇ ಹರಿದೆ, ಒಂದೂ ಇಲ್ಲ ಎಂದೆ. ಅವಳು "ಮನಸ್ಸಿಲಾಯಿ" ಎಂದಳು, ತಿಳಿಯಿತು ಎಂದು. ಅಪ್ಪನಿಗೆ ಉತ್ತರ ಕೊಡುತ್ತಿದ್ದ ಹಾಗೆಯೇ, ಮಲಯಾಳದಲ್ಲಿ. ಆಮೇಲೆ ಹೊರಡುವವರೆಗೂ ಅವಳ ಬಾಯಿಂದ ಕನ್ನಡ ಬರಲಿಲ್ಲ. ಪುಸ್ತಕವನ್ನು ನಮ್ಮ ಮೇಜಿನ ಮೇಲೇ ಬಿಟ್ಟು ಹೋದಳು.

ಸರಿ ಮಾಡಲು ನೋಡದೆ ಇರಲಿಲ್ಲ ನಾನು. ಪೆನ್ಸಿಲ್ ಹಿಡಿದು ಎರಡು ಶುಕ್ರವಾರ ಆ ಗಾಡಿಯಲ್ಲಿ ಹೋದೆ, ಎಲ್ಲಿ ನಿಲ್ಲುತ್ತದೋ ಅಲ್ಲಿ ಪುಸ್ತಕದಲ್ಲಿ ಗುರುತು ಹಾಕೋಣ ಎಂದು. ವೇಳಾಪಟ್ಟಿ ಬದಲಾಗಿದೆ. ಅಂದು ನಿಲ್ಲುತ್ತಿದ್ದಲ್ಲಿ ಈಗ ನಿಲ್ಲುವುದಿಲ್ಲ. ಪಕ್ಕದಲ್ಲಿ ಎರಡನೆಯ ಹಳಿಗೆ ಮಣ್ಣು ಹಾಕುತ್ತಿದ್ದಾರೆ. ಮಾರಾರಿಕುಳಂ ಹತ್ತಿರ ಬೇಲಿಗಳನ್ನೆಲ್ಲ ಕಿತ್ತಿದ್ದಾರೆ. ಯಾವ ಸಾಲಿನ ನಂತರ ಎಷ್ಟು ಬೆರಳು ಎಂದು ಬಲ್ಲವರು ಒಬ್ಬರೇ ಇದ್ದರು. ಮೂರನೆಯ ಶುಕ್ರವಾರ ನಾನು ಹೋಗಲಿಲ್ಲ.

ಇತ್ತ ಪುಸ್ತಕ ಚೆನ್ನಾಗಿ ಓಡುತ್ತಿದೆ. ಬೆಂಗಳೂರಿನ ಒಂದು ಪತ್ರಿಕೆಯಲ್ಲಿ, ತಾಯ್ನಾಡಿನ ಹಂಬಲವನ್ನು ಇಷ್ಟು ಸರಳವಾಗಿ ಹಾಡಿದವರು ವಿರಳ ಎಂದು ಯಾರೋ ಬರೆದಿದ್ದಾರೆ. 'ನನ್ನೂರು' ಪದ್ಯಕ್ಕೆ ಸಂಘದ ಹುಡುಗಿಯೊಬ್ಬಳು ರಾಗ ಹಾಕಿದ್ದಾಳೆ, ಬರುವ ರಾಜ್ಯೋತ್ಸವಕ್ಕೆ ಮಕ್ಕಳು ಹಾಡುತ್ತಾರಂತೆ. ನಾನು ಕಮಿಟಿಯಲ್ಲಿ ಎದ್ದು ನಿಂತು, ಇದು ಅವರದಲ್ಲ, ನಾನು ಕೆಡಿಸಿದ್ದು, ನಿಲ್ಲಿಸಿ ಎಂದು ಎಲ್ಲವನ್ನೂ ಹೇಳಿದೆ. ಈಗಿನ ಕಾರ್ಯದರ್ಶಿ ಒಳ್ಳೆಯ ಹುಡುಗ. ಹೆಗಲ ಮೇಲೆ ಕೈಯಿಟ್ಟು, "ಬಿಡಿ ಸಾರ್, ಹಾಗಿದ್ದಿದ್ರೆ ಯಾರ್ ಓದ್ತಿದ್ರು? ನೀವು ಅವರನ್ನ ಉಳಿಸಿದ್ದೀರಿ" ಎಂದ. ಎಲ್ಲರೂ ಹೌದು ಹೌದು ಎಂದರು. ಎರಡನೆಯ ಮುದ್ರಣಕ್ಕೆ ಅಂದೇ ಒಪ್ಪಿಗೆಯೂ ಆಯಿತು.

ಇಷ್ಟೆಲ್ಲ ಹೇಳಿ ಅವರ ಹೆಸರನ್ನೇ ಹೇಳಲಿಲ್ಲವಲ್ಲ ಎಂದು ನೀವು ಕೇಳಬಹುದು. ಬೇಕೆಂದೇ ಹೇಳಿಲ್ಲ. ಹೇಳಿದರೆ ನೀವು ಆ ಪುಸ್ತಕವನ್ನು ಹುಡುಕಿ ತರಿಸಿ ಓದುತ್ತೀರಿ. ಓದಿ, ಚೆನ್ನಾಗಿದೆ ಅನ್ನುತ್ತೀರಿ.